ಅಮೆರಿಕದ ಮನೆ ಕಂದಾಯ: ಬಿಲ್ಲಿನ ಹಿಂದಿರುವ ಲೆಕ್ಕ

ಅಮೆರಿಕದಲ್ಲಿ ಮನೆ ಕಂದಾಯ ಊರಿನ ಬಾಬ್ತು. ಒಕ್ಕೂಟ ಸರ್ಕಾರ ಮನೆ, ನಿವೇಶನಗಳ ಮೇಲೆ ತೆರಿಗೆ ಹಾಕುವುದಿಲ್ಲ. ರಾಜ್ಯಗಳೂ ಬಹುಮಟ್ಟಿಗೆ ಅದನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟಿವೆ. ಆ ಸಂಸ್ಥೆಗಳು ತೆರಿಗೆಯಿಂದ ಗಳಿಸುವ ಹಣದಲ್ಲಿ ಸುಮಾರು ಶೇ. 70ರಷ್ಟು ಬರುವುದು ಇದೊಂದರಿಂದಲೇ. ಅದರ ಅತಿ ದೊಡ್ಡ ಪಾಲು ಶಾಲೆಗಳಿಗೆ ಸಲ್ಲುತ್ತದೆ. ಅಲ್ಲಿ ಒಳ್ಳೆಯ ಶಾಲೆಯಿರುವ ಬಡಾವಣೆಯಲ್ಲಿ ಮನೆಯ ಬೆಲೆ ಏರುವುದಕ್ಕೂ, ಬೆಲೆ ಏರಿದ ಬಡಾವಣೆಯ ಶಾಲೆ ಇನ್ನಷ್ಟು ಒಳ್ಳೆಯದಾಗುವುದಕ್ಕೂ ಇರುವ ನಂಟಿನ ಬೇರು ಇಲ್ಲಿದೆ.

ಕೌಂಟಿ ಎಂದರೆ ನಮ್ಮ ಜಿಲ್ಲೆಗೆ ಹತ್ತಿರದ ಘಟಕ. ದೇಶದಲ್ಲಿ ಅಂಥವು 3,100ಕ್ಕೂ ಹೆಚ್ಚಿವೆ. ಲೂಯಿಸಿಯಾನದಲ್ಲಿ ಅವಕ್ಕೆ ಪ್ಯಾರಿಷ್ ಎಂದು ಹೆಸರು, ಅಲಾಸ್ಕದಲ್ಲಿ ಬರೋ. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್‌ಗಳಲ್ಲಿ ಕೌಂಟಿ ಆಡಳಿತವೇ ಇಲ್ಲ. ಅಲ್ಲಿ ಊರಾಡಳಿತವೇ ಕಂದಾಯ ಎತ್ತುತ್ತದೆ. ಬಿಲ್ಲಿನ ತಲೆಯ ಮೇಲೆ ಕೌಂಟಿಯ ಮುದ್ರೆ ಇರುವುದರಿಂದ ಪೂರ್ತಿ ಹಣ ಕೌಂಟಿಗೇ ಹೋಗುತ್ತದೆಂದು ಹೊಸ ಮನೆಮಾಲೀಕರು ಭಾವಿಸುವುದುಂಟು. ಬಹಳ ಕಡೆ ಕೌಂಟಿಯದು ವಸೂಲಿಯ ಕೆಲಸ ಮಾತ್ರ. ಶಾಲಾ ಜಿಲ್ಲೆ, ನಗರ, ಸಮುದಾಯ ಕಾಲೇಜು, ನೀರಿನ ಮಂಡಲಿ, ಅಗ್ನಿಶಾಮಕ ಮಂಡಲಿ, ಉದ್ಯಾನ ಮಂಡಲಿ ಎಲ್ಲಕ್ಕೂ ಸೇರಿಸಿ ಒಂದೇ ಬಿಲ್ಲಿನಲ್ಲಿ ಎತ್ತಿ ಆಮೇಲೆ ಹಂಚುತ್ತದೆ.

ಬಿಲ್ಲಿನ ಮೊತ್ತ ಮೂರು ಮೂಲಗಳಿಂದ ಹುಟ್ಟುತ್ತದೆ. ಮೊದಲನೆಯದು ತೆರಿಗೆಗಾಗಿ ಮನೆಗೆ ಕಟ್ಟಿದ ಮೌಲ್ಯ. ಎರಡನೆಯದು ಆ ಮೌಲ್ಯದ ಮೇಲಿನ ದರ. ಮೂರನೆಯದು ಮೌಲ್ಯಕ್ಕೆ ಸಂಬಂಧವೇ ಇಲ್ಲದೆ ನಿವೇಶನಕ್ಕೆ ಇಷ್ಟೆಂದು ಹೇರುವ ಶುಲ್ಕಗಳು. ಮೌಲ್ಯ ಕಟ್ಟುವವರು ಅಸೆಸರ್. ದರ ನಿಗದಿಯಾಗುವುದು ಕಾನೂನಿನಿಂದ, ಸ್ಥಳೀಯ ಸಂಸ್ಥೆಗಳ ಆಯವ್ಯಯದಿಂದ, ಮತದಾರರ ಒಪ್ಪಿಗೆಯಿಂದ. ಹಣ ಕಟ್ಟಿಸಿಕೊಳ್ಳುವವರು ಟ್ಯಾಕ್ಸ್ ಕಲೆಕ್ಟರ್ ಅಥವಾ ಟ್ರೆಷರರ್. ತೆರಿಗೆ ಹೆಚ್ಚಾಯಿತೆಂದು ಕಲೆಕ್ಟರ್ ಕಚೇರಿಯ ಕಿಟಕಿಯ ಮುಂದೆ ವಾದಿಸಿ ಫಲವಿಲ್ಲ, ಏಕೆಂದರೆ ಅಲ್ಲಿರುವವರಿಗೆ ಒಂದು ಡಾಲರನ್ನೂ ಬದಲಿಸುವ ಅಧಿಕಾರವಿಲ್ಲ. ದರ ಹೆಚ್ಚಾಯಿತೆಂದು ಅಸೆಸರ್‌ಗೆ ದೂರುವುದೂ ಅಷ್ಟೆ. ಮನೆಮಾಲೀಕ ಮೊದಲು ತಿಳಿಯಬೇಕಾದದ್ದು ಬಿಲ್ಲಿನ ಯಾವ ಸಾಲು ಯಾರ ಕೈಯದು ಎಂಬುದನ್ನು.

ಬೆಂಗಳೂರಿನಿಂದ ಹೋದವರಿಗೆ ಈ ಏರ್ಪಾಡು ಸ್ವಲ್ಪ ತಲೆಕೆಳಗಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ 2000ದಿಂದ ಸ್ವಯಂ ಘೋಷಣೆ ಪದ್ಧತಿ ಇದೆ. ಮಾಲೀಕರೇ ಚದರಡಿ, ವಲಯ, ಕಟ್ಟಡದ ವಯಸ್ಸು ತುಂಬಿಸಿ ಲೆಕ್ಕ ಹಾಕಿ ಕಟ್ಟುತ್ತಾರೆ, ಏಪ್ರಿಲ್‌ನಲ್ಲಿ ಕಟ್ಟಿ ಶೇ. 5ರ ರಿಯಾಯಿತಿ ಪಡೆಯುತ್ತಾರೆ. ಅಮೆರಿಕದಲ್ಲಿ ಲೆಕ್ಕವೆಲ್ಲ ಕಚೇರಿಯದೇ. ಮಾಲೀಕರಿಂದ ಏನನ್ನೂ ಕೇಳದೆ ಮೌಲ್ಯದ ನೋಟಿಸು ಮನೆಗೆ ಬರುತ್ತದೆ. ಅದನ್ನು ಓದಿ, ತಪ್ಪಿದ್ದರೆ ಅವಧಿಯೊಳಗೆ ತಕರಾರು ಸಲ್ಲಿಸುವುದು ಮಾಲೀಕರ ಪಾಲಿನ ಕೆಲಸ. ನೋಟಿಸನ್ನು ಓದದೆ ಕಟ್ಟಿಡುವವರೇ ಹೆಚ್ಚು, ಅವರು ನಷ್ಟ ಅನುಭವಿಸುವುದೂ ಹೆಚ್ಚು.

ಮೌಲ್ಯ ಕಟ್ಟುವ ಅಸೆಸರ್ ಪ್ರತಿ ಮನೆಯ ಬಾಗಿಲು ತಟ್ಟುವುದಿಲ್ಲ. ಲಕ್ಷಾಂತರ ಮನೆಗಳ ದಾಖಲೆಗಳನ್ನೂ ಈಚಿನ ಮಾರಾಟಗಳನ್ನೂ ಒಟ್ಟಿಗಿಟ್ಟು ಕಂಪ್ಯೂಟರ್ ಮಾದರಿಯ ಮೂಲಕ ಒಂದೇ ಸಲಕ್ಕೆ ಎಲ್ಲಕ್ಕೂ ಬೆಲೆ ಕಟ್ಟಲಾಗುತ್ತದೆ. ಮಾದರಿಗೆ ಗೊತ್ತಿರುವುದು ದಾಖಲೆಯಲ್ಲಿ ಇದ್ದಷ್ಟು ಮಾತ್ರ: ಚದರಡಿ, ಮಲಗುವ ಕೋಣೆಗಳು, ಕಟ್ಟಿದ ವರ್ಷ, ನೆಲಮಾಳಿಗೆ ಇದೆಯೇ ಇಲ್ಲವೇ. ಅಡಿಪಾಯದ ಬಿರುಕು, ಸೋರುವ ಮಾಡು, ಹಿತ್ತಲ ಹಿಂದೆಯೇ ಹಾದುಹೋಗುವ ಹೆದ್ದಾರಿ ಅದರ ಲೆಕ್ಕಕ್ಕೆ ಸಿಗುವುದು ಕಷ್ಟ. ಹಳೆಯ ದಾಖಲೆಯಲ್ಲಿ ಇಲ್ಲದ ಸ್ನಾನದ ಮನೆಯೊಂದು ಇರುವಂತೆ ಬರೆದಿರುವುದು, ಮುಗಿಸದ ನೆಲಮಾಳಿಗೆಯನ್ನು ವಾಸಯೋಗ್ಯವೆಂದು ಎಣಿಸಿರುವುದು ಅಪರೂಪವಲ್ಲ. ಕೌಂಟಿಯ ಜಾಲತಾಣದಲ್ಲಿ ಮನೆಯ ದಾಖಲೆ ಪತ್ರ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ತಕರಾರಿಗೆ ಮುನ್ನ ಅದನ್ನು ಅಳತೆಪಟ್ಟಿ ಹಿಡಿದು ಪರಿಶೀಲಿಸುವುದೇ ಮೊದಲ ಹೆಜ್ಜೆ. ದಾಖಲೆಯ ತಪ್ಪನ್ನು ತಿದ್ದಿಸಲು ವಾದ ಬೇಕಿಲ್ಲ, ಸಾಕ್ಷ್ಯ ಸಾಕು.

ಹೀಗೆ ಬಂದ ಮಾರುಕಟ್ಟೆ ಬೆಲೆ, ತೆರಿಗೆ ಲೆಕ್ಕದ ಮೌಲ್ಯ ಎರಡೂ ಒಂದೇ ಆಗಿರಬೇಕೆಂದಿಲ್ಲ. ಕೆಲವು ರಾಜ್ಯಗಳಲ್ಲಿ ಬೆಲೆಯ ಒಂದು ಭಾಗಕ್ಕೆ ಮಾತ್ರ ತೆರಿಗೆ. ಕೆಲವೆಡೆ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಏರಬಾರದೆಂಬ ಮಿತಿ ಇದೆ. ದರವನ್ನು ಹೇಳುವ ಬಗೆಯೂ ಊರಿಗೊಂದು. ಬಹಳ ಕಡೆ ಸಾವಿರ ಡಾಲರ್ ಮೌಲ್ಯಕ್ಕೆ ಒಂದು ಡಾಲರ್ ಎಂಬ ಲೆಕ್ಕದಲ್ಲಿ ಮಿಲ್ ಎಂಬ ಅಳತೆ ಬಳಕೆಯಲ್ಲಿದೆ, ಟೆಕ್ಸಾಸ್‌ನಲ್ಲಿ ನೂರು ಡಾಲರಿಗೆ ಇಷ್ಟೆಂದು ಹೇಳುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಶೇಕಡಾವಾರು.

ದರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ಮನೆಯ ಬೆಲೆ ಇಮ್ಮಡಿಯಾದರೆ ತೆರಿಗೆಯೂ ತಾನಾಗಿ ಇಮ್ಮಡಿಯಾಗುತ್ತದೆ ಎಂಬುದು. ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಲೆಕ್ಕ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ. ಶಾಲೆ, ಊರಾಡಳಿತ, ಕೌಂಟಿ ಮೊದಲು ತಮಗೆ ಬೇಕಾದ ಹಣವನ್ನು ನಿರ್ಧರಿಸುತ್ತವೆ. ಆ ಮೊತ್ತವನ್ನು ಊರಿನ ಎಲ್ಲ ಆಸ್ತಿಯ ಮೌಲ್ಯದಿಂದ ಭಾಗಿಸಿದರೆ ಬರುವುದೇ ದರ. ಊರಿನ ಒಟ್ಟು ಆಸ್ತಿ 100 ಕೋಟಿ ಡಾಲರ್, ಬೇಕಾದ ಹಣ 2 ಕೋಟಿ ಎಂದುಕೊಂಡರೆ ದರ ಶೇ. 2, 5 ಲಕ್ಷ ಡಾಲರಿನ ಮನೆಗೆ 10,000 ಡಾಲರ್ ತೆರಿಗೆ. ಎಲ್ಲ ಮನೆಗಳ ಬೆಲೆಯೂ ಇಮ್ಮಡಿಯಾಗಿ, ಬೇಕಾದ ಹಣ ಅಷ್ಟೇ ಉಳಿದರೆ ದರ ಶೇ. 1ಕ್ಕೆ ಇಳಿಯುತ್ತದೆ, 10 ಲಕ್ಷದ ಆ ಮನೆಯ ತೆರಿಗೆ ಆಗಲೂ 10,000ವೇ. ಉಳಿದವು ಇಮ್ಮಡಿಯಾದಾಗ ಒಂದು ಮನೆ ಮಾತ್ರ ಮುಮ್ಮಡಿಯಾಗಿದ್ದರೆ ಅದರ ತೆರಿಗೆ ಸುಮಾರು 15,000ಕ್ಕೆ ಏರುತ್ತದೆ. ಆದ್ದರಿಂದ ಇಂಥ ರಾಜ್ಯಗಳಲ್ಲಿ ಮನೆಯ ಮೌಲ್ಯ ಎಷ್ಟು ಎಂಬುದಕ್ಕಿಂತ ನೆರೆಹೊರೆಗೆ ಹೋಲಿಸಿದರೆ ಎಷ್ಟು ಎಂಬುದೇ ಮುಖ್ಯ. ತಕರಾರಿನಲ್ಲಿ ಗೆಲ್ಲುವವರು ಈ ಹೋಲಿಕೆಯನ್ನು ಹಿಡಿದವರು.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಅಲ್ಲಿ ಮೌಲ್ಯವನ್ನು ನಿರ್ಧರಿಸುವುದು ಮನೆ ಕೊಂಡ ತಾರೀಖು. ಸನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್, ಸ್ಯಾನ್ ರಮೋನ್‌ಗಳಲ್ಲಿ ನೆಲೆಸಿದ ಸಾವಿರಾರು ಕನ್ನಡ ಕುಟುಂಬಗಳನ್ನು ಈ ನಿಯಮ ದಿನನಿತ್ಯ ತಟ್ಟುವುದರಿಂದ ಅದರ ಹುಟ್ಟನ್ನು ಸ್ವಲ್ಪ ವಿವರವಾಗಿ ನೋಡಬೇಕು.

1960ರ ದಶಕದವರೆಗೆ ಅಲ್ಲಿನ ಅಸೆಸರ್‌ಗಳು ತಮ್ಮ ವಿವೇಚನೆಯಂತೆ ಮೌಲ್ಯ ಕಟ್ಟುತ್ತಿದ್ದರು. ಮತ ಹಾಕುವ ಮನೆಮಾಲೀಕರ ಮೇಲೆ ಹಗುರ, ವ್ಯಾಪಾರಗಳ ಮೇಲೆ ಭಾರ ಎಂಬುದು ಬರೆಯದ ನಿಯಮವಾಗಿತ್ತು. ವ್ಯಾಪಾರಗಳಿಗೆ ಈ ಭಾರ ಇಳಿಸಲು ಲಂಚ ಒಂದು ದಾರಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಅಸೆಸರ್ ರಸೆಲ್ ವೋಲ್ಡನ್ ಲಂಚದ ಆರೋಪದಲ್ಲಿ 1966ರಲ್ಲಿ ಅಪರಾಧಿಯೆಂದು ಸಾಬೀತಾದರು. ಅದೇ ವರ್ಷ ಶಾಸನಸಭೆ ಎಲ್ಲ ಆಸ್ತಿಗೂ ಮಾರುಕಟ್ಟೆ ಬೆಲೆಯ ಶೇ. 25 ಎಂಬ ಒಂದೇ ಅಳತೆ ತಂದಿತು. ಸುಧಾರಣೆ ನ್ಯಾಯವಾದದ್ದೇ. ಆದರೆ ಮನೆಮಾಲೀಕರಿಗಿದ್ದ ಮರೆಯ ರಕ್ಷಣೆ ಅದರಿಂದ ಕಳಚಿಬಿತ್ತು. ಎಪ್ಪತ್ತರ ದಶಕದಲ್ಲಿ ಮನೆಗಳ ಬೆಲೆ ಏರಿದಾಗ ಮೌಲ್ಯವೂ ಅದರ ಬೆನ್ನಿಗೇ ಏರಿತು. ಪಿಂಚಣಿಯ ಮೇಲೆ ಬದುಕುವ ಹಿರಿಯರ ಕೈಗೆ ಹಿಂದಿನ ಎರಡು ಪಟ್ಟಿನ ಬಿಲ್ಲು ಬರತೊಡಗಿತು. ಇತ್ತ ರಾಜ್ಯದ ಬೊಕ್ಕಸದಲ್ಲಿ ಶತಕೋಟಿಗಟ್ಟಲೆ ಡಾಲರ್ ಮಿಗತೆ ಉಳಿದಿತ್ತು. ಜನರ ಸಿಟ್ಟಿಗೆ ಇಷ್ಟು ಸಾಕಾಯಿತು.

ತೆರಿಗೆ ಇಳಿಕೆಗೆ ಹೋರಾಡುತ್ತಿದ್ದ ಹಾವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಸಹಿ ಸಂಗ್ರಹಿಸಿ ಮತಪತ್ರಕ್ಕೆ ತಂದ ಪ್ರಪೊಸಿಷನ್ 13 ಎಂಬ ಪ್ರಸ್ತಾವ, 1978ರ ಜೂನ್ 6ರಂದು ಶೇ. 65ರ ಸಮೀಪ ಮತ ಪಡೆದು ರಾಜ್ಯ ಸಂವಿಧಾನದ ಭಾಗವಾಯಿತು. ಅದರ ನಿಯಮಗಳು ಸರಳ. ಮೂಲ ದರ ಶೇ. 1ನ್ನು ಮೀರಬಾರದು. ಮೌಲ್ಯ 1975ರ ಮಟ್ಟಕ್ಕೆ ಹಿಂದಿರುಗಬೇಕು. ಅಲ್ಲಿಂದ ಮುಂದೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು. ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಮರುಮೌಲ್ಯಮಾಪನ. ಸ್ಥಳೀಯ ವಿಶೇಷ ತೆರಿಗೆಗೆ ಮೂರನೇ ಎರಡರಷ್ಟು ಮತ ಬೇಕು. ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ವರಮಾನ ಒಂದೇ ಏಟಿಗೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಶಾಲೆಗಳ ಹಣದ ಕೀಲಿ ಊರುಗಳಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು.

ಈ ನಿಯಮದ ಫಲವನ್ನು ಒಂದೇ ಬೀದಿಯ ಎರಡು ಅವಳಿ ಮನೆಗಳಲ್ಲಿ ಕಾಣಬಹುದು. ಒಂದನ್ನು 1990ರಲ್ಲಿ 3 ಲಕ್ಷ ಡಾಲರಿಗೆ ಕೊಂಡಿದ್ದರೆ, ಪ್ರತಿ ವರ್ಷ ಶೇ. 2ರಷ್ಟು ಏರಿದರೂ 35 ವರ್ಷದ ಬಳಿಕ ಅದರ ತೆರಿಗೆ ಮೌಲ್ಯ 6 ಲಕ್ಷ. ಪಕ್ಕದ ಮನೆಯನ್ನು 2025ರಲ್ಲಿ 18 ಲಕ್ಷಕ್ಕೆ ಕೊಂಡವರ ಮೌಲ್ಯ 18 ಲಕ್ಷ. ಸ್ಥಳೀಯ ಸಾಲಪತ್ರಗಳ ದರವನ್ನೂ ಸೇರಿಸಿ ಒಟ್ಟು ಶೇ. 1.2 ಎಂದು ಹಿಡಿದರೆ ಮೊದಲನೆಯವರ ತೆರಿಗೆ ವರ್ಷಕ್ಕೆ 7,200 ಡಾಲರ್, ಎರಡನೆಯವರದು 21,600. ಬೀದಿದೀಪ ಒಂದೇ, ಶಾಲೆ ಒಂದೇ, ಬೆಂಕಿ ಬಿದ್ದರೆ ಬರುವ ವಾಹನವೂ ಒಂದೇ. ಸ್ಟೆಫನಿ ನಾರ್ಡ್‌ಲಿಂಗರ್ ಎಂಬ ಮಹಿಳೆ 1988ರಲ್ಲಿ ಲಾಸ್ ಏಂಜಲಿಸ್‌ನಲ್ಲಿ 1,70,000 ಡಾಲರಿಗೆ ಮನೆ ಕೊಂಡು, ಹಳೆಯ ನೆರೆಯವರಿಗಿಂತ ಸುಮಾರು ಐದು ಪಟ್ಟು ತೆರಿಗೆ ಬಂದಾಗ ಇದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಮೊಕದ್ದಮೆ ಹೂಡಿದರು. 1992ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ 8–1ರಿಂದ ನಿಯಮವನ್ನು ಎತ್ತಿಹಿಡಿಯಿತು. ಇರುವವರನ್ನು ಮನೆಯಿಂದ ಎಬ್ಬಿಸದಿರುವುದು ರಾಜ್ಯದ ನ್ಯಾಯವಾದ ಉದ್ದೇಶವಾಗಿರಬಹುದು ಎಂಬುದು ಅದರ ತರ್ಕ. ಕಾನೂನಿಗೆ ಇದು ಸಾಕಾಗಿರಬಹುದು, ಆದರೆ ತಡವಾಗಿ ಬಂದವರ ಮೇಲೆ ಊರಿನ ಖರ್ಚಿನ ಹೆಚ್ಚಿನ ಪಾಲು ಬೀಳುವುದು ನ್ಯಾಯವೆನ್ನಿಸುವುದಿಲ್ಲ. ಎಳೆಯ ಸಂಸಾರಗಳು, ವಲಸೆ ಬಂದವರು ಇದರಲ್ಲಿ ಮೊದಲಿಗರು.

ಹೊಸದಾಗಿ ಕೊಂಡವರಿಗೆ ಅತಿ ದೊಡ್ಡ ಆಘಾತ ಕೊಡುವುದು ಪೂರಕ ಬಿಲ್ಲು, ಅಲ್ಲಿನವರ ಮಾತಿನಲ್ಲಿ ಸಪ್ಲಿಮೆಂಟಲ್ ಬಿಲ್. ತೆರಿಗೆ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಮೌಲ್ಯ ಹಿಡಿಯುವ ದಿನ ಅದಕ್ಕೂ ಹಿಂದಿನ ಜನವರಿ 1. ಮೇಲಿನ 18 ಲಕ್ಷದ ಮನೆಯ ಹಿಂದಿನ ಮಾಲೀಕರ ಮೌಲ್ಯವೂ 6 ಲಕ್ಷವೇ ಆಗಿತ್ತು, ಮಾರಾಟ ಸೆಪ್ಟೆಂಬರಿನಲ್ಲಿ ನೋಂದಣಿಯಾಯಿತು ಎಂದುಕೊಳ್ಳಬಹುದು. ಆ ವರ್ಷದ ಮಾಮೂಲು ಬಿಲ್ಲು ಹಳೆಯ 6 ಲಕ್ಷದ ಮೇಲೆಯೇ ಬರುತ್ತದೆ. ಹೊಸ ಮಾಲೀಕರು 7,200 ಡಾಲರ್ ನೋಡಿ ನಿಟ್ಟುಸಿರು ಬಿಡುತ್ತಾರೆ. ಕೆಲವು ತಿಂಗಳ ಬಳಿಕ ಇನ್ನೊಂದು ಲಕೋಟೆ: ಹೆಚ್ಚಾದ 12 ಲಕ್ಷದ ಮೇಲೆ ಶೇ. 1.2ರಂತೆ 14,400, ಅದರಲ್ಲಿ ಅಕ್ಟೋಬರ್ 1ರಿಂದ ಜೂನ್ ಕೊನೆಯವರೆಗಿನ ಮುಕ್ಕಾಲು ಪಾಲು, 10,800 ಡಾಲರ್. 1983ರಿಂದ ಜಾರಿಯಲ್ಲಿರುವ ಈ ಬಿಲ್ಲು ಸಾಮಾನ್ಯವಾಗಿ ಸಾಲ ಕೊಟ್ಟ ಬ್ಯಾಂಕಿಗೆ ಹೋಗುವುದಿಲ್ಲ, ನೇರ ಮಾಲೀಕರಿಗೆ ಬರುತ್ತದೆ. ಎಲ್ಲವನ್ನೂ ಬ್ಯಾಂಕ್ ಕಟ್ಟುತ್ತದೆಂಬ ಭರವಸೆಯಲ್ಲಿ ಲಕೋಟೆಯನ್ನು ಬದಿಗಿಟ್ಟವರು ಶೇ. 10ರ ದಂಡ ತೆತ್ತಿದ್ದಾರೆ. ಜನವರಿಯಿಂದ ಮೇ ಒಳಗೆ ಕೊಂಡವರಿಗೆ ಇಂಥವು ಎರಡು ಬರುತ್ತವೆ. ಮನೆ ಕೊಳ್ಳುವಾಗ ಮುಂಗಡದ ಜೊತೆಗೆ ಈ ಹಣವನ್ನೂ ಎತ್ತಿಟ್ಟಿರಬೇಕು. ಮನೆ ಮಾರಿಸುವ ಏಜೆಂಟರು ಇದನ್ನು ಒತ್ತಿ ಹೇಳುವುದು ಕಡಿಮೆ.

ಕ್ಯಾಲಿಫೋರ್ನಿಯಾದ ವಾರ್ಷಿಕ ಬಿಲ್ಲಿಗೆ ಎರಡು ಕಂತು. ಮೊದಲನೆಯದು ನವೆಂಬರ್ 1ಕ್ಕೆ ಸಲ್ಲಬೇಕು, ಡಿಸೆಂಬರ್ 10 ದಾಟಿದರೆ ದಂಡ. ಎರಡನೆಯದು ಫೆಬ್ರವರಿ 1ಕ್ಕೆ, ಗಡುವು ಏಪ್ರಿಲ್ 10. ಬಿಲ್ಲು ಕೈಸೇರಲಿಲ್ಲ ಎಂಬುದು ದಂಡ ಮನ್ನಾಕ್ಕೆ ಕಾರಣವಾಗುವುದಿಲ್ಲ. ಸಾಂಟಾ ಕ್ಲಾರಾ ಕೌಂಟಿಯ ಬಿಲ್ಲೊಂದನ್ನು ಮೇಜಿನ ಮೇಲೆ ಹರಡಿಕೊಂಡರೆ ಮೇಲ್ಗಡೆ ಅಸೆಸರ್ ಕೊಟ್ಟ ನಿವೇಶನ ಸಂಖ್ಯೆ, ಕೆಳಗೆ ಭೂಮಿಗೂ ಕಟ್ಟಡಕ್ಕೂ ಬೇರೆ ಬೇರೆ ಮೌಲ್ಯ. ಸ್ವಂತ ವಾಸದ ಮನೆಯಾದರೆ ಅದರಿಂದ 7,000 ಡಾಲರ್ ವಿನಾಯಿತಿ, ಅಂದರೆ ವರ್ಷಕ್ಕೆ ಸುಮಾರು 70 ಡಾಲರ್ ಉಳಿತಾಯ. ಆಮೇಲೆ ಶೇ. 1ರ ಮೂಲ ತೆರಿಗೆ. ಅದರಡಿ ಶಾಲೆ, ಕಾಲೇಜು, ಆಸ್ಪತ್ರೆಗಳಿಗೆ ಮತದಾರರು ಒಪ್ಪಿದ ಸಾಲಪತ್ರಗಳ ಚಿಲ್ಲರೆ ದರಗಳು. ಕೊನೆಯಲ್ಲಿ ಮೌಲ್ಯಕ್ಕೆ ಸಂಬಂಧಿಸದ ಸಾಲುಗಳು: ಸೊಳ್ಳೆ ನಿಯಂತ್ರಣಕ್ಕೆ ಕೆಲವು ಡಾಲರ್, ನಿವೇಶನಕ್ಕೆ ಇಷ್ಟೆಂದು ಶಾಲಾ ಜಿಲ್ಲೆ ಹಾಕುವ ಪಾರ್ಸೆಲ್ ತೆರಿಗೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಜವುಗು ಪ್ರದೇಶಗಳ ಪುನರುಜ್ಜೀವನಕ್ಕೆ ಒಂಬತ್ತು ಕೌಂಟಿಗಳ ಮತದಾರರು 2016ರಲ್ಲಿ ಒಪ್ಪಿಕೊಂಡ ವರ್ಷಕ್ಕೆ 12 ಡಾಲರ್. ಈ 12 ಡಾಲರ್ ಗುಡಿಸಲಿಗೂ ಅರಮನೆಗೂ ಒಂದೇ. ಶಾಲೆಯ ಪಾರ್ಸೆಲ್ ತೆರಿಗೆಯಿಂದ 65 ದಾಟಿದವರಿಗೆ ಬಹಳಷ್ಟು ಜಿಲ್ಲೆಗಳು ವಿನಾಯಿತಿ ಕೊಡುತ್ತವೆ. ಅರ್ಜಿ ಹಾಕಿದರೆ ಮಾತ್ರ. ಹೊಸ ಬಡಾವಣೆಗಳಲ್ಲಿ ಇವೆಲ್ಲಕ್ಕೂ ಮಿಗಿಲಾದ ಸಾಲೊಂದಿರುತ್ತದೆ. 1982ರ ಕಾನೂನನ್ನು ಮಂಡಿಸಿದ ಇಬ್ಬರು ಶಾಸಕರ ಹೆಸರಿನಿಂದ ಅದು ಮೆಲೊ–ರೂಸ್ ತೆರಿಗೆ. ರಸ್ತೆ, ಒಳಚರಂಡಿ, ಶಾಲೆ ಕಟ್ಟಲು ಎತ್ತಿದ ಸಾಲವನ್ನು ಅಲ್ಲಿನ ಮನೆಗಳೇ ದಶಕಗಳ ಕಾಲ ತೀರಿಸುತ್ತವೆ. ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದಾದ ಇದನ್ನು ನೋಡದೆ ಹೊಸ ಮನೆಯ ಬೆಲೆಯನ್ನು ಹಳೆಯದರ ಜೊತೆ ತೂಗುವುದು ತಪ್ಪು ಲೆಕ್ಕ.

ಮಾಲೀಕತ್ವ ಬದಲಾವಣೆ ಎಂದರೆ ಏನೆಂಬುದೂ ಇಲ್ಲಿ ದುಡ್ಡಿನ ಪ್ರಶ್ನೆ. ಗಂಡ ಹೆಂಡಿರ ನಡುವಿನ ವರ್ಗಾವಣೆ, ತಮ್ಮದೇ ಹಿಡಿತದ ಕುಟುಂಬ ಟ್ರಸ್ಟಿಗೆ ಮನೆಯನ್ನು ಬರೆಯುವುದು ಮರುಮೌಲ್ಯಮಾಪನಕ್ಕೆ ಕಾರಣವಾಗುವುದಿಲ್ಲ. ಕೋಣೆಯೊಂದನ್ನು ಸೇರಿಸಿದರೆ ಅಥವಾ ಹಿತ್ತಲಲ್ಲಿ ಸಣ್ಣ ಮನೆ ಕಟ್ಟಿದರೆ ಹೊಸದಾಗಿ ಸೇರಿದ ಭಾಗಕ್ಕೆ ಮಾತ್ರ ಹೊಸ ಮೌಲ್ಯ. ಮಾಡು ಬದಲಿಸುವುದು, ಬಣ್ಣ ಬಳಿಯುವುದು ದುರಸ್ತಿಯ ಲೆಕ್ಕ. ತಂದೆತಾಯಿಯಿಂದ ಮಕ್ಕಳಿಗೆ ಹೋಗುವ ಮನೆಯ ನಿಯಮ ಮಾತ್ರ ಪೂರ್ತಿ ಬದಲಾಗಿದೆ. 1986ರಿಂದ ಮಕ್ಕಳು ಹಳೆಯ ಕಡಿಮೆ ಮೌಲ್ಯವನ್ನೇ ಉಳಿಸಿಕೊಂಡು ಮನೆಯನ್ನು ಬಾಡಿಗೆಗೆ ಕೊಡಬಹುದಿತ್ತು. 2020ರಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 19ರ ಪ್ರಕಾರ, 2021ರ ಫೆಬ್ರವರಿ 16ರಿಂದ ಆ ಅನುಕೂಲ ಬೇಕಾದರೆ ಮನೆ ತಂದೆತಾಯಿಯ ಸ್ವಂತ ವಾಸದ್ದಾಗಿರಬೇಕು, ಮಕ್ಕಳೂ ಒಂದು ವರ್ಷದೊಳಗೆ ಅಲ್ಲಿ ಬಂದು ನೆಲೆಸಬೇಕು. ಹಾಗಿದ್ದರೂ ಮಾರುಕಟ್ಟೆ ಬೆಲೆ ಹಳೆಯ ಮೌಲ್ಯಕ್ಕಿಂತ ಸುಮಾರು 10 ಲಕ್ಷ ಡಾಲರಿಗೂ ಹೆಚ್ಚಾಗಿದ್ದರೆ ಆ ಹೆಚ್ಚುವರಿಗೆ ತೆರಿಗೆ ಬೀಳುತ್ತದೆ. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಮನೆ ಮಾಡಿಕೊಂಡ ಕನ್ನಡಿಗರ ತಲೆಮಾರು ಈಗ ನಿವೃತ್ತಿಯ ಅಂಚಿನಲ್ಲಿದೆ. ಮಕ್ಕಳು ಸಿಯಾಟಲ್‌ನಲ್ಲೋ ನ್ಯೂಯಾರ್ಕಿನಲ್ಲೋ ಇದ್ದರೆ ಆ ಅನುಕೂಲ ಅವರಿಗೆ ದಕ್ಕದು. ಅದೇ ಕಾನೂನಿನ ಇನ್ನೊಂದು ಮಗ್ಗುಲು ಹಿರಿಯರ ಪರವಾಗಿದೆ: 55 ದಾಟಿದವರು ದೊಡ್ಡ ಮನೆ ಮಾರಿ ರಾಜ್ಯದ ಯಾವುದೇ ಕೌಂಟಿಯಲ್ಲಿ ಬೇರೆ ಮನೆ ಕೊಂಡರೆ ಹಳೆಯ ಮೌಲ್ಯವನ್ನು ಜೊತೆಗೆ ಒಯ್ಯಬಹುದು, ಮೂರು ಸಲದವರೆಗೆ.

ಟೆಕ್ಸಾಸ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಊರಿನ ಖರ್ಚಿನ ದೊಡ್ಡ ಪಾಲನ್ನು ಮನೆಗಳೇ ಹೊರುತ್ತವೆ. ಪ್ಲೇನೊ, ಫ್ರಿಸ್ಕೊಗಳಿಗೆ ಕ್ಯಾಲಿಫೋರ್ನಿಯಾದಿಂದ ಹೋದವರು ಅರ್ಧ ಬೆಲೆಯ ಮನೆ ಕೊಂಡೂ ಹಿಂದಿನಷ್ಟೇ ಕಂದಾಯ ಕಟ್ಟುವುದುಂಟು. ಮೌಲ್ಯ ಕಟ್ಟುವುದು ಕೌಂಟಿಯ ಆಡಳಿತದಿಂದ ಬೇರೆಯಾದ ಅಪ್ರೈಸಲ್ ಡಿಸ್ಟ್ರಿಕ್ಟ್. ಪ್ರತಿ ವಸಂತದಲ್ಲಿ ನೋಟಿಸು. ಮೇ 15ರೊಳಗೆ, ಅಥವಾ ನೋಟಿಸು ಕಳಿಸಿದ 30 ದಿನಗಳೊಳಗೆ, ಎರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ತಕರಾರು. ತಕರಾರು ಅಲ್ಲಿ ಜಗಳವಲ್ಲ, ವಾರ್ಷಿಕ ವಾಡಿಕೆ; ಉಳಿತಾಯದಲ್ಲಿ ಇಷ್ಟು ಪಾಲೆಂದು ಹಿಡಿದು ಅದನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳಿವೆ. ಮೌಲ್ಯ ಮಾರುಕಟ್ಟೆ ಬೆಲೆಗಿಂತ ಹೆಚ್ಚಾಗಿದೆ ಎಂಬುದು ಒಂದು ಕಾರಣ. ಅದೇ ಬಗೆಯ ನೆರೆಮನೆಗಳ ಮೌಲ್ಯಕ್ಕಿಂತ ಹೆಚ್ಚಾಗಿದೆ ಎಂಬುದು ಇನ್ನೊಂದು, ಹೆಚ್ಚು ಬಲವಾದ ಕಾರಣ. ಸ್ವಂತ ವಾಸದ ಮನೆಯೆಂದು ಹೋಮ್‌ಸ್ಟೆಡ್ ಅರ್ಜಿ ಹಾಕಿದರೆ ಶಾಲಾ ತೆರಿಗೆಯ ಲೆಕ್ಕದಿಂದ ದೊಡ್ಡ ಮೊತ್ತ ಕಳೆಯುತ್ತಾರೆ: 2023ರಲ್ಲಿ ಅದನ್ನು 40,000 ಡಾಲರಿನಿಂದ 1 ಲಕ್ಷಕ್ಕೆ, 2025ರ ನವೆಂಬರಿನಲ್ಲಿ 1.4 ಲಕ್ಷಕ್ಕೆ ಮತದಾರರು ಏರಿಸಿದರು. ಜೊತೆಗೆ ಮೌಲ್ಯ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರದಂತೆ ಮಿತಿಯೂ ಸಿಗುತ್ತದೆ. ಈ ಅರ್ಜಿಗೆ ಶುಲ್ಕವಿಲ್ಲ. ಸರ್ಕಾರಿ ಪತ್ರದಂತೆಯೇ ಕಾಣುವ ಲಕೋಟೆ ಕಳಿಸಿ ಹಣ ಕೇಳುವ ಖಾಸಗಿಯವರಿದ್ದಾರೆ. ಹೊಸಬರು ಅದಕ್ಕೆ ಮರುಳಾಗಬಾರದು. ಬಿಲ್ಲು ಅಕ್ಟೋಬರಿನಲ್ಲಿ ಬರುತ್ತದೆ, ಜನವರಿ 31 ಕೊನೆಯ ದಿನ.

ನ್ಯೂಜೆರ್ಸಿಯಲ್ಲಿ ವರ್ಷದ ಸರಾಸರಿ ಬಿಲ್ಲು 2024ರಲ್ಲಿ 10,000 ಡಾಲರ್ ದಾಟಿತು. ದೇಶದಲ್ಲೇ ಅತಿ ಭಾರದ ಕಂದಾಯಗಳಲ್ಲಿ ಅದು ಒಂದು. ಕಟ್ಟುವುದು ಊರಾಡಳಿತಕ್ಕೆ, ನಾಲ್ಕು ಕಂತುಗಳಲ್ಲಿ. ಕೌಂಟಿಯ ಪಾಲು ಬಿಲ್ಲಿನ ಒಂದು ಸಾಲು ಮಾತ್ರ. ಮೇಲ್ಮನವಿ ಸಾಮಾನ್ಯವಾಗಿ ಏಪ್ರಿಲ್ 1ರೊಳಗೆ ಕೌಂಟಿ ತೆರಿಗೆ ಮಂಡಲಿಯ ಮುಂದೆ.

ಮೇಲ್ಮನವಿಯ ಹಕ್ಕು ಎಲ್ಲರಿಗೂ ಇದೆ. ಅದನ್ನು ಬಳಸುವವರು ಮಾತ್ರ ಒಂದು ವರ್ಗದವರು. ಷಿಕಾಗೊ ನಗರವಿರುವ ಕುಕ್ ಕೌಂಟಿಯ ಬಗ್ಗೆ ಷಿಕಾಗೊ ಟ್ರಿಬ್ಯೂನ್ 2017ರಲ್ಲಿ ಪ್ರಕಟಿಸಿದ ತನಿಖಾ ಲೇಖನಮಾಲೆ ಇದನ್ನು ಬಯಲಿಗೆ ತಂದಿತು. ಬಡ ಬಡಾವಣೆಗಳ ಮನೆಗಳಿಗೆ ಮಾರಾಟ ಬೆಲೆಗೆ ಹೋಲಿಸಿದರೆ ಹೆಚ್ಚು ಮೌಲ್ಯ, ಸಿರಿವಂತರ ಮನೆಗಳಿಗೆ ಕಡಿಮೆ ಮೌಲ್ಯ ಕಟ್ಟಲಾಗಿತ್ತು. ಸಿರಿವಂತರು ವಕೀಲರನ್ನಿಟ್ಟು ಮೇಲ್ಮನವಿ ಸಲ್ಲಿಸಿ ಅದನ್ನು ಇನ್ನಷ್ಟು ಇಳಿಸಿಕೊಂಡಿದ್ದರು. ಒಟ್ಟು ಬೇಕಾದ ಹಣ ಅಷ್ಟೇ ಆದ್ದರಿಂದ ಅಲ್ಲಿ ಇಳಿದದ್ದು ಇಲ್ಲಿ ಏರಿತು. ಮರುವರ್ಷದ ಚುನಾವಣೆಯಲ್ಲಿ ಅಸೆಸರ್ ಜೋಸೆಫ್ ಬೆರಿಯೊಸ್ ಸೋತು ಫ್ರಿಟ್ಸ್ ಕೇಗಿ ಆ ಸ್ಥಾನಕ್ಕೆ ಬಂದರು. ಸುಮ್ಮನಿದ್ದ ಮನೆಯವರು ತಕರಾರು ಹಾಕಿದವರ ಪಾಲನ್ನೂ ಕಟ್ಟುತ್ತಿದ್ದಾರೆ ಎಂಬ ಸತ್ಯ ಕುಕ್ ಕೌಂಟಿಗೆ ಮಾತ್ರ ಸೀಮಿತವಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮೇಲ್ಮನವಿಗೆ ಅರ್ಥ ಬರುವುದು ಮುಖ್ಯವಾಗಿ ಬೆಲೆ ಕುಸಿದಾಗ. ಜನವರಿ 1ರ ಮಾರುಕಟ್ಟೆ ಬೆಲೆ ತೆರಿಗೆ ಮೌಲ್ಯಕ್ಕಿಂತ ಕಡಿಮೆಯಾದರೆ ತಾತ್ಕಾಲಿಕವಾಗಿ ಇಳಿಸಬೇಕೆಂದು 1978ರ ನವೆಂಬರಿನ ಪ್ರಪೊಸಿಷನ್ 8 ಹೇಳುತ್ತದೆ. ಅರ್ಜಿ ಜುಲೈ 2ರಿಂದ. ಗಡುವು ಕೆಲವು ಕೌಂಟಿಗಳಲ್ಲಿ ಸೆಪ್ಟೆಂಬರ್ 15, ಕೆಲವೆಡೆ ನವೆಂಬರ್ 30. ಸಾಕ್ಷ್ಯವಾಗಿ ಕೊಡುವ ನೆರೆಮನೆಗಳ ಮಾರಾಟ ಜನವರಿ 1ರ ನಂತರ 90 ದಿನಗಳನ್ನು ಮೀರಿರಬಾರದು. ಜೂನ್‌ನಲ್ಲಿ ಅಗ್ಗಕ್ಕೆ ಹೋದ ಮನೆಯ ಉದಾಹರಣೆ ಹಿಡಿದು ಹೋದವರು ಇದರಿಂದಲೇ ಬರಿಗೈಯಲ್ಲಿ ಮರಳುತ್ತಾರೆ. ವಿಚಾರಣೆ ಮುಗಿಯುವವರೆಗೆ ತೆರಿಗೆ ಕಟ್ಟುತ್ತಲೇ ಇರಬೇಕು. ಗೆದ್ದರೆ ಹೆಚ್ಚಿನದು ಹಿಂದಿರುಗುತ್ತದೆ. ಇಳಿದ ಮೌಲ್ಯ ಬೆಲೆ ಚೇತರಿಸಿದಾಗ ಶೇ. 2ರ ಮಿತಿಯಿಲ್ಲದೆ ಹಳೆಯ ಗೆರೆಯವರೆಗೆ ಮತ್ತೆ ಏರುತ್ತದೆ. ಆಗ ಬರುವ ದೊಡ್ಡ ಏರಿಕೆ ಕಾನೂನುಬದ್ಧವೇ.

ಗೃಹಸಾಲ ಇರುವವರಲ್ಲಿ ಬಹಳ ಮಂದಿ ಕಂದಾಯವನ್ನು ನೇರ ಕಟ್ಟುವುದಿಲ್ಲ. ಬ್ಯಾಂಕ್ ತಿಂಗಳ ಕಂತಿನ ಜೊತೆಗೆ ತೆರಿಗೆಯ ಹನ್ನೆರಡನೇ ಒಂದು ಪಾಲನ್ನು ಎಸ್ಕ್ರೋ ಖಾತೆಯಲ್ಲಿ ಕೂಡಿಸುತ್ತದೆ. ಎರಡು ತಿಂಗಳ ಮೊತ್ತದಷ್ಟು ಹೆಚ್ಚುವರಿ ಇಟ್ಟುಕೊಳ್ಳಲು ಒಕ್ಕೂಟ ಕಾನೂನು ಅನುಮತಿಸುತ್ತದೆ. ಬಡ್ಡಿ ದರ ಸ್ಥಿರವೆಂದು ನಂಬಿದವರ ತಿಂಗಳ ಕಂತು ಏರುವುದು ಇಲ್ಲಿಂದ. ಹೊಸದಾಗಿ ಕಟ್ಟಿದ ಮನೆಗಳಲ್ಲಿ ಮೊದಲ ವರ್ಷದ ತೆರಿಗೆ ಬಹಳ ಸಲ ಬರಿಯ ನಿವೇಶನದ ಮೇಲೆ ಇರುತ್ತದೆ. ಬ್ಯಾಂಕ್ ಅದನ್ನೇ ಆಧಾರ ಮಾಡಿಕೊಂಡಿದ್ದರೆ ಮರುವರ್ಷ ಕೊರತೆ ತುಂಬುವುದೂ ಹೊಸ ತೆರಿಗೆಗೆ ಕೂಡಿಸುವುದೂ ಒಟ್ಟಿಗೆ ಬಂದು ಕಂತು ನೂರಾರು ಡಾಲರ್ ಏರುತ್ತದೆ. ಒಕ್ಕೂಟದ ಆದಾಯ ತೆರಿಗೆಯಲ್ಲಿ ಮನೆ ಕಂದಾಯವನ್ನು ಕಳೆಯಬಹುದಾದರೂ ರಾಜ್ಯದ ತೆರಿಗೆಗಳೂ ಸೇರಿ 2018ರಿಂದ 10,000 ಡಾಲರ್ ಮಿತಿ ಇತ್ತು. 2025ರ ಕಾನೂನು ಆ ವರ್ಷಕ್ಕೆ ಅದನ್ನು 40,000ಕ್ಕೆ ಏರಿಸಿತು. ವರಮಾನ ಸುಮಾರು 5 ಲಕ್ಷ ಡಾಲರ್ ಮೀರಿದರೆ ಮಿತಿ ಇಳಿಯತೊಡಗುತ್ತದೆ. ಮೌಲ್ಯಾಧಾರಿತವಲ್ಲದ ಶುಲ್ಕಗಳು ಸಾಮಾನ್ಯವಾಗಿ ಈ ಕಡಿತದಡಿ ಬರುವುದಿಲ್ಲ.

ಕಟ್ಟದೆ ಬಿಟ್ಟರೆ ಕಂದಾಯ ಮನೆಯ ಮೇಲಿನ ಋಣಭಾರವಾಗುತ್ತದೆ, ಬ್ಯಾಂಕಿನ ಸಾಲಕ್ಕೂ ಮುಂಚೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಾಕಿಯ ಮೇಲೆ ತಿಂಗಳಿಗೆ ಶೇ. 1.5 ಸೇರುತ್ತ ಹೋಗಿ, ಐದು ವರ್ಷದ ಬಳಿಕ ಕೌಂಟಿ ಮನೆಯನ್ನು ಹರಾಜಿಗಿಡಬಹುದು. ಬಾಕಿ ಕಳೆದು ಉಳಿದ ಹಣವನ್ನು ಕೇಳಲು ಹಳೆಯ ಮಾಲೀಕರಿಗೆ ಅವಕಾಶವಿದೆ. ಎಲ್ಲ ರಾಜ್ಯಗಳಲ್ಲಿ ಹಾಗಿರಲಿಲ್ಲ. ಮಿನ್ನಿಯಾಪೊಲಿಸ್‌ನ ಜೆರಾಲ್ಡಿನ್ ಟೈಲರ್ 1999ರಲ್ಲಿ ಒಂದು ಮಲಗುವ ಕೋಣೆಯ ಫ್ಲ್ಯಾಟ್ ಕೊಂಡು, 2010ರಲ್ಲಿ ಅದನ್ನು ಬಿಟ್ಟು ಹಿರಿಯರ ವಸತಿಗೆ ಹೋದರು. ಕಂದಾಯ ನಿಂತುಹೋಯಿತು. 2,300 ಡಾಲರಿನ ಬಾಕಿ ಬಡ್ಡಿ, ದಂಡ, ಖರ್ಚು ಸೇರಿ 15,000 ಆಯಿತು. ಹೆನ್ನೆಪಿನ್ ಕೌಂಟಿ ಫ್ಲ್ಯಾಟನ್ನು 40,000ಕ್ಕೆ ಮಾರಿ, ಮಿಕ್ಕ 25,000 ಡಾಲರನ್ನೂ ರಾಜ್ಯದ ಕಾನೂನಿನಂತೆ ತಾನೇ ಇಟ್ಟುಕೊಂಡಿತು. 2023ರ ಮೇ 25ರಂದು, ಟೈಲರ್ ಅವರ 94ನೇ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅವರ ಪರ ತೀರ್ಪಿತ್ತಿತು: ಬಾಕಿಗಾಗಿ ಮನೆ ಮಾರುವ ಅಧಿಕಾರ ಕೌಂಟಿಗಿದೆ, ಬಾಕಿಗಿಂತ ಹೆಚ್ಚು ಬಂದ ಹಣದ ಮೇಲೆ ಅದಕ್ಕೆ ಹಕ್ಕಿಲ್ಲ. ಇಂಥದೇ ಕಾನೂನು ಹೊಂದಿದ್ದ ಹಲವು ರಾಜ್ಯಗಳು ಆ ಬಳಿಕ ತಮ್ಮ ಹರಾಜಿನ ನಿಯಮಗಳನ್ನು ತಿದ್ದಬೇಕಾಯಿತು.